ಗಂಟುನೋವು, ದಡಿಕೆ ಎರಡಕ್ಕೂ ಒಂದೇ ಸೊಳ್ಳೆಯನ್ನು ದೂರಬೇಡ



2008ರ ಚಿಕುನ್‌ಗುನ್ಯಾವನ್ನು ಬಂಟ್ವಾಳ, ಬೆಳ್ತಂಗಡಿ ಕಡೆಯವರು ಇನ್ನೂ ಮರೆತಿಲ್ಲ. ರಬ್ಬರ್ ಹಾಲಿನ ಚಿರಟೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಹೀಗೆ ನೀರು ನಿಂತಲ್ಲೆಲ್ಲ ಅದನ್ನು ಹರಡುವ, ಹಗಲು ಕಚ್ಚುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಅಡಿಕೆ ಮರ ಏರುವವರೂ ಗೋಡೆ ಹಿಡಿದು ಬಚ್ಚಲಿಗೆ ಹೋದ ಕಾಲ ಅದು. ಚಿಕುನ್‌ಗುನ್ಯಾ ಎಂಬ ಹೆಸರೇ ತಾಂಜಾನಿಯಾದ ಮಕೊಂಡೆ ಭಾಷೆಯದು, ಮೈ ಬಾಗಿಸುವುದು ಎಂಬ ಅರ್ಥದ್ದು. ಜ್ವರದೊಂದಿಗೆ ಬರುವ ದದ್ದು ಸಾಮಾನ್ಯವಾಗಿ ವಾರದಲ್ಲಿ ಮಾಯ. ಗಂಟುನೋವು ಮಾತ್ರ ಕೆಲವರನ್ನು ತಿಂಗಳುಗಟ್ಟಲೆ ಕಾಡುತ್ತದೆ.

ಈಗ ಆ ನೆನಪೇ ತೊಡಕು. ಕೈಗಂಟು ಹಿಡಿದು ಮೈಮೇಲೆ ದಡಿಕೆ ಎದ್ದರೆ ಸಾಕು, "ಅದೇ ಹಳೇ ಚಿಕುನ್‌ಗುನ್ಯಾ" ಎಂದು ತೀರ್ಪು ಕೊಡುವವರಿದ್ದಾರೆ.

ಗಂಟುನೋವಿಗೆ ಬೇರೆ ಕಾರಣಗಳೂ ಇವೆ. ಬೀಡಿ ಕಟ್ಟುವ ಹೆಂಗಸರ ಕೈ ನೋಡು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ ನೂಲು ಬಿಗಿಯುವ ತನಕ ಎಲ್ಲವೂ ಬೆರಳ ತುದಿಯ ಕೆಲಸ. ಬೆಳಿಗ್ಗೆ ಹಿಡಿದ ಬೆರಳು ಎಷ್ಟು ಹೊತ್ತಿಗೆ ಸಡಿಲಾಗುತ್ತದೆ ಎಂಬುದನ್ನು ಅವರಷ್ಟು ಕರಾರುವಾಕ್ಕಾಗಿ ಹೇಳುವವರು ಕಡಿಮೆ. ಅರ್ಧ ಗಂಟೆಯೊಳಗೆ ಬಿಟ್ಟರೆ ಅದು ಹೆಚ್ಚಾಗಿ ಸವಕಳಿಯ ಸಂಧಿವಾತ. ಗಂಟೆಯಾದರೂ ಬಿಡದೆ ಎರಡೂ ಕೈಯ ಗೆಣ್ಣು ಊದಿದ್ದರೆ ರುಮಟಾಯ್ಡ್ ಸಂಧಿವಾತ ಇರಬಹುದು. ಎಣ್ಣೆ ತಿಕ್ಕುತ್ತ ವರ್ಷ ಕಳೆದರೆ ಗಂಟು ಸೊಟ್ಟಗಾಗಬಹುದು. ರುಮಟಾಯ್ಡಿಗೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು.

ದಡಿಕೆಯ ಕತೆಯೇ ಬೇರೆ. ನಮ್ಮಲ್ಲಿ ಪಿತ್ತವೆಂದು ಪುನರ್ಪುಳಿ ನೀರು ಕುಡಿಸುತ್ತಾರೆ, ಕುಡಿಯಲಿ, ಬೇಸಿಗೆಗೆ ಅದು ರುಚಿಯೇ. ಸಂಜೆ ಎದ್ದದ್ದು ಬೆಳಿಗ್ಗೆ ಗುರುತೂ ಇರದೆ ಮಾಯವಾಗುವುದರಿಂದ ಡಾಕ್ಟರರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಪೆನ್ನಿನಿಂದ ಸುತ್ತ ಗೆರೆ ಎಳೆದು ಮೊಬೈಲಿನಲ್ಲಿ ಫೋಟೋ ಹಿಡಿ. 24 ಗಂಟೆಯೊಳಗೆ ಆ ಜಾಗ ಮೊದಲಿನಂತಾದರೆ ಅದು ಗಂಧೆ ಇರಬಹುದು. ಆರು ವಾರ ದಾಟಿದ ಗಂಧೆಗೂ ಬಹಳ ಮಂದಿಯಲ್ಲಿ ಕಾರಣ ಸಿಗುವುದಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕಂಬ ಎಣಿಸಿದಂತೆ ರಕ್ತಪರೀಕ್ಷೆ ಮಾಡಿಸುತ್ತ ಹೋಗಬೇಡ. ಗೆರೆಯೊಳಗಿನ ಕೆಂಪು ಮರುದಿನವೂ ಉಳಿದರೆ, ಕಲೆ ಬಿಟ್ಟರೆ, ಜ್ವರ ಬಂದರೆ ಮಾತ್ರ ತಡ ಮಾಡಬಾರದು. ತುಟಿ ಊದಿ ಉಸಿರು ಕಟ್ಟಿದರೆ ಆ ಕ್ಷಣವೇ ಆಸ್ಪತ್ರೆ.

ಗಂಟುನೋವಿಗೂ ದಡಿಕೆಗೂ ನಂಟಿದ್ದರೆ ಅದು ಮಾತ್ರೆಯ ಡಬ್ಬಿಯಲ್ಲೂ ಇರಬಹುದು. ಗಂಟುನೋವಿಗೆ ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೆಲವರಲ್ಲಿ ಗಂಧೆಯನ್ನು ಕೆರಳಿಸುತ್ತವೆ. ಮುಂದಿನ ಸಲ ಡಾಕ್ಟರರಲ್ಲಿಗೆ ಹೋಗುವಾಗ ಫೋಟೋದ ಜೊತೆ ಆ ಡಬ್ಬಿಯನ್ನೂ ಒಯ್ಯಿ, ಅಂಗಡಿಯಿಂದ ನೀನೇ ತಂದ ಮಾತ್ರೆಯ ಸಮೇತ.