ಯಾರ್ಕ್: ಎರಡು ದಿನದ ಸುತ್ತಾಟ, ಎಲ್ಲ ಬ್ರಾಂಚಿಗೂ ಪಾಠ

ಬಿಇ ಮುಗಿಸಿ ಎಂಎಸ್‌ಗೆ ಅಂತ ಲೀಡ್ಸ್, ಶೆಫೀಲ್ಡ್, ಮ್ಯಾಂಚೆಸ್ಟರ್ ಕಡೆ ಹೋಗುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಹೋದವರಿಗೆ ಮೊದಲ ರಜೆ ಸಿಕ್ಕಿದ ಕೂಡಲೇ ಲಂಡನ್ ನೆನಪಾಗುತ್ತೆ. ಲಂಡನ್ ನೋಡಲೇಬೇಕು, ಬೇಡ ಅನ್ನೋಲ್ಲ. ಆದರೆ ಲೀಡ್ಸ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ದೂರದಲ್ಲಿ ಯಾರ್ಕ್ ಅಂತ ಒಂದು ಊರಿದೆ. ಲಂಡನ್‌ನಿಂದ ಹೊರಟರೂ ಎರಡು ಗಂಟೆ. ಇಡೀ ಹಳೇ ಊರನ್ನು ಕಾಲ್ನಡಿಗೆಯಲ್ಲೇ ಮುಗಿಸಬಹುದು.

ಈ ಲೇಖನದಲ್ಲಿ ಆ ಊರನ್ನು ಎರಡು ದಿನದಲ್ಲಿ ನೋಡುವ ಬಗೆ ಹೇಳುತ್ತೇನೆ. ಜೊತೆಗೆ ಒಂದು ಪ್ರಶ್ನೆ ಇಟ್ಟುಕೊಂಡು ಹೋಗೋಣ: ಇಷ್ಟು ಹಳೆಯ ಊರು ಇನ್ನೂ ನಿಂತಿರೋದು ಹೇಗೆ? "ಹಿಂದಿನವರು ಗಟ್ಟಿಯಾಗಿ ಕಟ್ಟಿದ್ರು ಬಿಡಿ" ಅಂತ ನಾವೆಲ್ಲ ಹೇಳ್ತೀವಿ. ಯಾರ್ಕ್ ಸುತ್ತಿದರೆ ಈ ಉತ್ತರ ಅರ್ಧ ಮಾತ್ರ ಸರಿ ಅಂತ ಗೊತ್ತಾಗುತ್ತೆ.

ಮೊದಲು ಸ್ವಲ್ಪ ಹಿನ್ನೆಲೆ

ಕ್ರಿ.ಶ. 71ರಲ್ಲಿ ರೋಮನ್ನರು ಇಲ್ಲಿ ಸೈನ್ಯದ ಕೋಟೆ ಕಟ್ಟಿದರು. ಆಗ ಊರಿನ ಹೆಸರು ಎಬೊರಾಕಮ್. 306ರಲ್ಲಿ ಕಾನ್‌ಸ್ಟಂಟೈನ್‌ನನ್ನು ಸೈನಿಕರು ಚಕ್ರವರ್ತಿ ಎಂದು ಘೋಷಿಸಿದ್ದು ಇದೇ ಊರಲ್ಲಿ. 866ರಲ್ಲಿ ವೈಕಿಂಗರು ಊರನ್ನು ಹಿಡಿದರು. ಅವರು ಕರೆದ 'ಯೋರ್ವಿಕ್' ಎಂಬ ಹೆಸರೇ ಸವೆದು ಸವೆದು ಯಾರ್ಕ್ ಆಯಿತು.

ವೈಕಿಂಗರ ಮಾತು ಇವತ್ತಿಗೂ ಬೀದಿಯಲ್ಲಿ ಉಳಿದಿದೆ. ಹಾಗಾಗಿ ಯಾರ್ಕ್‌ನಲ್ಲಿ 'ಗೇಟ್' ಅಂದರೆ ಬೀದಿ. ಇನ್ನು 'ಬಾರ್' ಅಂದರೆ ಕೋಟೆಯ ಬಾಗಿಲು! ಮಿಕಲ್‌ಗೇಟ್ ಬಾರ್ ಅಂತ ಬೋರ್ಡ್ ನೋಡಿ ಬೇರೆ ಏನೋ ನಿರೀಕ್ಷೆ ಇಟ್ಟುಕೊಂಡು ಹೋದರೆ ಸಿಗೋದು ಕಲ್ಲಿನ ಹೆಬ್ಬಾಗಿಲು ಅಷ್ಟೇ.

ಮೊದಲ ದಿನ, ಬೆಳಿಗ್ಗೆ: ಕೋಟೆ ಗೋಡೆ

ಸ್ಟೇಷನ್ನಿನಿಂದ ಹೊರಬಂದರೆ ಎದುರಿಗೇ ಗೋಡೆ. ಸುಮಾರು 3.4 ಕಿ.ಮೀ. ಉದ್ದ, ಮೇಲೆ ನಡೆಯೋಕೆ ದಾರಿ, ಟಿಕೆಟ್ ಇಲ್ಲ. ನಿಧಾನವಾಗಿ ಸುತ್ತಿದರೆ ಎರಡು ಗಂಟೆ ಸಾಕು. ಅಷ್ಟು ನಡೆಯೋಕೆ ಆಗೋಲ್ಲ ಅನ್ನುವವರು ಬೂಥಮ್ ಬಾರ್‌ನಿಂದ ಮಾಂಕ್ ಬಾರ್‌ವರೆಗಿನ ತುಂಡನ್ನಾದರೂ ನಡೆಯಿರಿ, ಕ್ಯಾಥೆಡ್ರಲ್ಲಿನ ಹಿಂಬದಿಯ ತೋಟಗಳು ಕೆಳಗೆ ಕಾಣುತ್ತವೆ. ಕೆಲವು ಕಡೆ ಒಳಬದಿಗೆ ಕಂಬಿ ಇಲ್ಲ, ಸೆಲ್ಫಿ ತೆಗೆಯುವಾಗ ಹುಷಾರು. ಕತ್ತಲಾದರೆ ಗೋಡೆಯ ದಾರಿ ಮುಚ್ಚುತ್ತಾರೆ.

ಈ ಗೋಡೆ ಉಳಿದದ್ದು ಸುಲಭಕ್ಕಲ್ಲ. 19ನೇ ಶತಮಾನದ ಮೊದಲ ಭಾಗದಲ್ಲಿ ನಗರಾಡಳಿತವೇ ಇದನ್ನು ಕೆಡವಲು ಹೊರಟಿತ್ತು. ಹಳೇ ಗೋಡೆ, ರಿಪೇರಿಗೆ ದುಡ್ಡು ದಂಡ, ಗಾಡಿ ಓಡಾಡೋಕೆ ಅಡ್ಡ! ಕೆಲವು ಭಾಗ ಕೆಡವಿಯೂ ಆಯಿತು. ಆಗ ವಿರೋಧಿಸಿದವರಲ್ಲಿ ಅದೇ ಊರಿನ ಚಿತ್ರಕಲಾವಿದ ವಿಲಿಯಂ ಎಟ್ಟಿ ಒಬ್ಬರು. ಜನ ಹಟ ಹಿಡಿದದ್ದಕ್ಕೆ ಉಳಿದದ್ದು ಉಳಿಯಿತು.

ಮಧ್ಯಾಹ್ನ: ಮಿನ್‌ಸ್ಟರ್

ಯಾರ್ಕ್ ಮಿನ್‌ಸ್ಟರ್ ಎಂಬ ಕ್ಯಾಥೆಡ್ರಲ್‌ನ ಈಗಿನ ಕಟ್ಟಡ ಶುರುವಾದದ್ದು ಸುಮಾರು 1220ರಲ್ಲಿ, ಮುಗಿದದ್ದು 1472ರಲ್ಲಿ. ನಮ್ಮ ಪ್ರಾಜೆಕ್ಟ್ ಡೆಡ್‌ಲೈನ್ ಇವರಿಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಪೂರ್ವದ ದೊಡ್ಡ ಕಿಟಕಿಯ ಬಣ್ಣದ ಗಾಜನ್ನು ಜಾನ್ ಥಾರ್ನ್‌ಟನ್ ಎಂಬಾತ 1405ರಿಂದ 1408ರ ಒಳಗೆ ಮಾಡಿದ. ಒಂದು ಟೆನಿಸ್ ಕೋರ್ಟಿನಷ್ಟು ಗಾಜು. ಮೈಗೆ ಶಕ್ತಿ ಇದ್ದರೆ 275 ಮೆಟ್ಟಿಲು ಹತ್ತಿ ನಡುಗೋಪುರದ ಮೇಲಿಂದ ಊರು ನೋಡಬಹುದು.

ಆದರೆ ಸಿವಿಲ್‌ನವರು ನೋಡಬೇಕಾದ್ದು ಇರೋದು ಕೆಳಗೆ, ನೆಲಮಾಳಿಗೆಯಲ್ಲಿ. ಗೋಪುರದ ತೂಕ ಸುಮಾರು 16,000 ಟನ್. ಇದಕ್ಕೂ ಮುಂಚೆ ಇದ್ದ ಗೋಪುರ 1407ರಲ್ಲಿ ಕುಸಿದಿತ್ತು. 1967ರ ಪರಿಶೀಲನೆಯಲ್ಲಿ ಈಗಿನದೂ ಅದೇ ದಾರಿ ಹಿಡಿದಿದೆ ಅಂತ ಗೊತ್ತಾಯಿತು. ಮೇಲೆ ಕಲ್ಲು ಗಟ್ಟಿಯಾಗಿಯೇ ಇತ್ತು, ಅಡಿಪಾಯ ಮಾತ್ರ ಭಾರ ತಾಳದೆ ಒಂದೊಂದು ಕಡೆ ಒಂದೊಂದು ಥರ ಕೂರುತ್ತಿತ್ತು. ನೀವು ಪುಸ್ತಕದಲ್ಲಿ ಓದುವ 'ಡಿಫರೆನ್ಷಿಯಲ್ ಸೆಟಲ್‌ಮೆಂಟ್' ಇದೇ.

ವಾಸ್ತುಶಿಲ್ಪಿ ಬರ್ನಾರ್ಡ್ ಫೀಲ್ಡನ್ ಮತ್ತು ಅರೂಪ್ ಸಂಸ್ಥೆಯ ಎಂಜಿನಿಯರುಗಳು ಐದು ವರ್ಷ ಕೆಲಸ ಮಾಡಿದರು. ಹಳೇ ಅಡಿಪಾಯದ ಸುತ್ತ ಕಾಂಕ್ರೀಟಿನ ಪಟ್ಟಿ ಕಟ್ಟಿ, ಎರಡನ್ನೂ ಸೇರಿಸಿ ಸ್ಟೇನ್‌ಲೆಸ್ ಸ್ಟೀಲ್ ಸರಳು ತೂರಿಸಿ, ಬಿಗಿದರು. ಇದರಿಂದ ಭಾರ ಹರಡುವ ಜಾಗ ಹೆಚ್ಚಾಯಿತು. 1972ರ ಹೊತ್ತಿಗೆ ಗೋಪುರ ಬಚಾವ್. ಅಗೆಯುವಾಗ ರೋಮನ್ ಕೋಟೆಯ ಅವಶೇಷವೂ ಸಿಕ್ಕಿತು. ಈಗ ಅಲ್ಲೇ ಮ್ಯೂಸಿಯಂ ಇದೆ: ಒಂದೇ ಕಡೆ ರೋಮನ್ ಗೋಡೆ, ಮಧ್ಯಯುಗದ ಕಲ್ಲು, 20ನೇ ಶತಮಾನದ ಕಾಂಕ್ರೀಟು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1984ರ ಜುಲೈ 9ರಂದು ದಕ್ಷಿಣ ಭಾಗದ ಚಾವಣಿಗೆ ಬೆಂಕಿ ಬಿತ್ತು, ಬಹುಶಃ ಸಿಡಿಲಿನಿಂದ. ಬೆಂಕಿ ಇಡೀ ಕಟ್ಟಡಕ್ಕೆ ಹಬ್ಬದಿರಲಿ ಅಂತ ಅಗ್ನಿಶಾಮಕದವರು ಬೇಕೆಂದೇ ನೀರು ಸುರಿದು ಉರಿಯುವ ಚಾವಣಿಯನ್ನು ಕೆಳಗೆ ಬೀಳಿಸಿದರು. 1988ರ ಹೊತ್ತಿಗೆ ಮತ್ತೆ ಓಕ್ ಮರದಲ್ಲೇ ಚಾವಣಿ ಕಟ್ಟಿದರು. ಅದರ ಕೆಲವು ಕೆತ್ತನೆಗಳ ವಿನ್ಯಾಸ ಮಾಡಿದ್ದು ಬಿಬಿಸಿಯ ಮಕ್ಕಳ ಕಾರ್ಯಕ್ರಮವೊಂದರ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳು. ಕತ್ತೆತ್ತಿ ಹುಡುಕಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದೂ ಅಲ್ಲಿದೆ!

ಸಂಜೆ: ಶ್ಯಾಂಬಲ್ಸ್ ಮತ್ತು ಚಾಕೊಲೇಟು

ಶ್ಯಾಂಬಲ್ಸ್ ಒಂದು ಇಕ್ಕಟ್ಟು ಬೀದಿ. ಮೇಲಿನ ಅಂತಸ್ತು ಕೆಳಗಿನದಕ್ಕಿಂತ ಮುಂದಕ್ಕೆ ಚಾಚಿಕೊಂಡಿರುವ ಮರದ ಚೌಕಟ್ಟಿನ ಮನೆಗಳು, ಎದುರು ಮನೆಯವರ ಕೈ ಕುಲುಕಬಹುದೇನೋ ಅನ್ನುವಷ್ಟು ಹತ್ತಿರ. ಮೊದಲು ಇದು ಮಾಂಸದಂಗಡಿಗಳ ಬೀದಿ. ಕೆಲವು ಅಂಗಡಿಗಳ ಮುಂದೆ ಮಾಂಸ ನೇತುಹಾಕುತ್ತಿದ್ದ ಕೊಕ್ಕೆ ಈಗಲೂ ಇದೆ.

ಹಾಗೇ ಒಂದು ಚಾಕೊಲೇಟ್ ತಿನ್ನಿ. ನಾವು ಇಂಟರ್ನಲ್ಸ್ ಮುಗಿದ ಖುಷಿಗೆ ಮುರಿದು ಹಂಚಿಕೊಳ್ಳುವ ಕಿಟ್‌ಕ್ಯಾಟ್ ಹುಟ್ಟಿದ್ದು ಇದೇ ಊರಲ್ಲಿ, ರೌನ್‌ಟ್ರೀ ಕಾರ್ಖಾನೆಯಲ್ಲಿ, 1935ರಲ್ಲಿ. ಆಗ ಅದರ ಹೆಸರು ಬೇರೆ ಇತ್ತು. ಚಾಕೊಲೇಟಿನ ಚರಿತ್ರೆಗೇ ಊರಲ್ಲಿ ಒಂದು ಮ್ಯೂಸಿಯಂ ಇದೆ.

ಎರಡನೇ ದಿನ, ಬೆಳಿಗ್ಗೆ: ಯೋರ್ವಿಕ್

1976ರಿಂದ 1981ರವರೆಗೆ ಕಾಪರ್‌ಗೇಟ್ ಬೀದಿಯಲ್ಲಿ ಅಗೆದಾಗ ವೈಕಿಂಗರ ಒಂದು ಬಡಾವಣೆಯೇ ಸಿಕ್ಕಿತು. ಮರದ ಗೋಡೆ, ಚರ್ಮದ ಶೂ, ಬಟ್ಟೆ ಎಲ್ಲ ಸಾವಿರ ವರ್ಷ ಕೊಳೆಯದೆ ಉಳಿದದ್ದು ಹೇಗೆ? ಅಲ್ಲಿನ ಮಣ್ಣು ಸದಾ ನೀರು ಹೀರಿ ಒದ್ದೆಯಾಗಿತ್ತು, ಆಮ್ಲಜನಕ ಒಳಗೆ ಹೋಗದೆ ಕೊಳೆಸುವ ಜೀವಿಗಳಿಗೆ ಕೆಲಸವಾಗಲಿಲ್ಲ. ಅದೇ ಜಾಗದಲ್ಲಿ 1984ರಲ್ಲಿ ತೆರೆದ ಯೋರ್ವಿಕ್ ಕೇಂದ್ರದಲ್ಲಿ ಪುಟ್ಟ ಗಾಡಿಯಲ್ಲಿ ಕೂರಿಸಿ ಹಳೇ ಬೀದಿ ಸುತ್ತಿಸುತ್ತಾರೆ, ಆ ಕಾಲದ ವಾಸನೆ ಸಮೇತ! 1972ರಲ್ಲಿ ಊರಿನ ಒಂದು ಬ್ಯಾಂಕ್ ಕಟ್ಟುವ ಜಾಗದಲ್ಲಿ ಸಿಕ್ಕ, ಯಾವನೋ ವೈಕಿಂಗನ ಕಲ್ಲಾದ ಮಲವೂ ಪ್ರದರ್ಶನದಲ್ಲಿದೆ. ನಗಬೇಡಿ, ಅವನು ಏನು ತಿಂದಿದ್ದ, ಹೊಟ್ಟೆಯಲ್ಲಿ ಯಾವ ಹುಳ ಇತ್ತು ಅನ್ನೋದನ್ನು ವಿಜ್ಞಾನಿಗಳು ತಿಳಿದದ್ದು ಅದರಿಂದಲೇ.

ಕ್ಲಿಫರ್ಡ್ಸ್ ಟವರ್

ದಿಬ್ಬದ ಮೇಲೆ ಒಂಟಿಯಾಗಿ ನಿಂತ ಈ ಗೋಪುರದ ಮೇಲಿಂದ ಊರು ಚೆನ್ನಾಗಿ ಕಾಣುತ್ತೆ. ಆದರೆ ಹತ್ತುವ ಮುಂಚೆ ಒಂದು ನಿಮಿಷ ನಿಲ್ಲಿ. 1190ರ ಮಾರ್ಚ್‌ನಲ್ಲಿ ಇಲ್ಲಿದ್ದ ಮರದ ಗೋಪುರದೊಳಗೆ ಊರಿನ ಯಹೂದಿಗಳು, ಸುಮಾರು 150 ಜನ, ಪ್ರಾಣಭಯದಿಂದ ಸೇರಿಕೊಂಡಿದ್ದರು. ಗುಂಪು ಸುತ್ತುವರಿಯಿತು. ಬಹಳ ಜನ ತಾವೇ ಪ್ರಾಣ ತೆಗೆದುಕೊಂಡರು, ಹೊರಬಂದವರನ್ನು ಗುಂಪು ಕೊಂದಿತು. ಆಮೇಲೆ ದಾಳಿಕೋರರು ಮಿನ್‌ಸ್ಟರ್‌ಗೆ ಹೋಗಿ, ತಾವು ಯಹೂದಿಗಳಿಗೆ ಕೊಡಬೇಕಿದ್ದ ಸಾಲದ ಪತ್ರಗಳನ್ನು ಸುಟ್ಟರು. ದಿಬ್ಬದ ಬುಡದಲ್ಲಿ ಸ್ಮಾರಕ ಫಲಕವಿದೆ.

ಈಗಿನ ಕಲ್ಲಿನ ಗೋಪುರ 13ನೇ ಶತಮಾನದ್ದು. 2022ರಲ್ಲಿ ಇದರೊಳಗೆ ಮರದ ಹೊಸ ಅಟ್ಟ ಕಟ್ಟಿದರು. ಅದರ ಭಾರ ಹಳೇ ಗೋಡೆಯ ಮೇಲೆ ಬೀಳೋದಿಲ್ಲ, ನಾಲ್ಕು ಕಂಬ ತಮ್ಮದೇ ರಾಫ್ಟ್ ಅಡಿಪಾಯದ ಮೇಲೆ ನಿಂತಿವೆ.

ಫಾಸ್ ಬ್ಯಾರಿಯರ್: ಊರಿನ ಕಠಿಣ ಪರೀಕ್ಷೆ

ಇದನ್ನು ಪ್ರವಾಸಿಗರು ಹುಡುಕಿಕೊಂಡು ಬರೋದು ಕಡಿಮೆ, ನೀವು ನೋಡಿ. ಯಾರ್ಕ್‌ನಲ್ಲಿ ಊಜ್ ಎಂಬ ದೊಡ್ಡ ನದಿಗೆ ಫಾಸ್ ಎಂಬ ಚಿಕ್ಕ ನದಿ ಸೇರುತ್ತದೆ. ಊಜ್ ಉಕ್ಕಿದಾಗ ಅದರ ನೀರು ಫಾಸ್ ಒಳಗೆ ಹಿಂದಕ್ಕೆ ನುಗ್ಗಿ ಮನೆಗಳನ್ನು ಮುಳುಗಿಸುತ್ತಿತ್ತು. 1982ರ ಪ್ರವಾಹದ ಮೇಲೆ ಸಂಗಮದ ಹತ್ತಿರ ಒಂದು ಬಾಗಿಲು ಕಟ್ಟಿದರು. ಊಜ್ ಏರಿದರೆ ಬಾಗಿಲು ಇಳಿಸಬೇಕು. ಆಗ ಫಾಸ್ ನೀರಿಗೆ ದಾರಿ ಇಲ್ಲವಲ್ಲ, ಅದನ್ನು ಪಂಪಿನಿಂದ ಎತ್ತಿ ಊಜ್‌ಗೆ ಹಾಕಬೇಕು.

2015ರ ಡಿಸೆಂಬರ್ 26ರಂದು ಫಾಸ್ ಊಹೆ ಮೀರಿ ಉಕ್ಕಿತು. ಪಂಪುಗಳ ಕಟ್ಟಡದ ಒಳಕ್ಕೇ ನೀರು ಬಂತು. ಬಾಗಿಲು ಇಳಿದಿರುವಾಗ ಕರೆಂಟ್ ಹೋದರೆ ಪಂಪೂ ಇಲ್ಲ, ಬಾಗಿಲೂ ಏಳೋಲ್ಲ. ಹಾಗಾಗಿ ಬಾಗಿಲು ಎತ್ತುವ ತೀರ್ಮಾನ ಮಾಡಿದರು. ನೂರಾರು ಮನೆ, ಅಂಗಡಿಗಳಿಗೆ ನೀರು ನುಗ್ಗಿತು. ಯೋರ್ವಿಕ್ ಕೇಂದ್ರವೂ ಮುಳುಗಿ, ಮತ್ತೆ ತೆರೆದದ್ದು 2017ರಲ್ಲಿ. ಆಮೇಲೆ ಪಂಪುಗಳ ಸಾಮರ್ಥ್ಯ ಹೆಚ್ಚಿಸಿದರು, ವಿದ್ಯುತ್ ಉಪಕರಣಗಳನ್ನು ಎತ್ತರಕ್ಕೆ ಏರಿಸಿದರು. ಎಲೆಕ್ಟ್ರಿಕಲ್‌ನವರು ಇದನ್ನು ಗೋಡೆಗೆ ಬರೆದು ಹಾಕಿಕೊಳ್ಳಬೇಕು: ಪ್ರವಾಹ ತಡೆಯುವ ಯಂತ್ರದ ಸ್ವಿಚ್ಚು ಪ್ರವಾಹಕ್ಕೆ ಸಿಗುವ ಜಾಗದಲ್ಲಿ ಇರಬಾರದು.

ಕೊನೆಗೆ: ರೈಲ್ವೆ ಮ್ಯೂಸಿಯಂ

ವಾಪಸ್ ರೈಲು ಹತ್ತುವ ಮುಂಚೆ, ಸ್ಟೇಷನ್ ಪಕ್ಕದ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂಗೆ ಅರ್ಧ ದಿನ ಇಟ್ಟುಕೊಳ್ಳಿ. ಪ್ರವೇಶ ಉಚಿತ. ಮೆಕ್ಯಾನಿಕಲ್‌ನವರಿಗೆ ಇದೇ ದೇವಸ್ಥಾನ. 1938ರ ಜುಲೈ 3ರಂದು ಗಂಟೆಗೆ 203 ಕಿ.ಮೀ. ಓಡಿ ಉಗಿಬಂಡಿಗಳ ದಾಖಲೆ ಮಾಡಿದ ಮ್ಯಾಲಾರ್ಡ್ ಇಲ್ಲಿದೆ. ಆ ಓಟದಲ್ಲಿ ಅದರ ಒಂದು ಬೇರಿಂಗ್ ಕಾದು ಹಾಳಾಗಿ, ಎಂಜಿನ್ ಕುಂಟುತ್ತಾ ನಿಲ್ದಾಣ ಸೇರಿತು ಅನ್ನೋದನ್ನೂ ನೆನಪಿಡಿ. ಎಲ್ಲರ್‌ಮನ್ ಲೈನ್ಸ್ ಎಂಬ ಎಂಜಿನ್ನನ್ನು ಉದ್ದಕ್ಕೆ ಸೀಳಿ ನಿಲ್ಲಿಸಿದ್ದಾರೆ: ಬಾಯ್ಲರ್, ಕೊಳವೆ, ಸಿಲಿಂಡರ್ ಎಲ್ಲ ಕಣ್ಣೆದುರಿಗೆ. ಥರ್ಮೋಡೈನಾಮಿಕ್ಸ್ ಅರ್ಥವಾಗದವರು ಇದರ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ಜಪಾನಿನ ಮೊದಲ ತಲೆಮಾರಿನ ಬುಲೆಟ್ ರೈಲಿನ ಬೋಗಿಯೊಳಗೂ ಹತ್ತಿ ಕೂರಬಹುದು.

ಹಾಗಾದರೆ ಉತ್ತರ?

ಗೋಡೆಯನ್ನು ಜನರ ಹಟ ಉಳಿಸಿತು, ಗೋಪುರವನ್ನು ಕಾಂಕ್ರೀಟು ಮತ್ತು ಸ್ಟೀಲು ಉಳಿಸಿತು, ತಗ್ಗಿನ ಮನೆಗಳನ್ನು ಪಂಪು ಕಾಯುತ್ತಿದೆ. ಪ್ರತಿ ತಲೆಮಾರಿಗೂ ಅದರ ಪಾಲಿನ ರಿಪೇರಿ ಕೆಲಸ ಬಂದೇ ಬಂತು. ನಾವೂ ಡಿಗ್ರಿ ಮುಗಿಸಿ ಹೊಸದು ಕಟ್ಟೋಕೆ ಹೋಗುವವರೇ, ಆದರೆ ಈಗಾಗಲೇ ಕಟ್ಟಿದ್ದನ್ನು ನೋಡಿಕೊಳ್ಳುವ ಕೆಲಸವೂ ನಮ್ಮದೇ. ಯಾವ ಹಳೇ ಊರಿಗೆ ಹೋದರೂ ಈ ಮೂರು ಪ್ರಶ್ನೆ ಕೇಳಿ ನೋಡಿ:

1. ಇದರ ಭಾರ ಎಲ್ಲಿಗೆ ಇಳಿಯುತ್ತಿದೆ?
2. ಇದನ್ನು ಕೊನೆಯ ಸಲ ರಿಪೇರಿ ಮಾಡಿದವರು ಯಾರು, ಯಾಕೆ?
3. ನೀರು ಬಂದರೆ, ಬೆಂಕಿ ಬಿದ್ದರೆ, ಕರೆಂಟ್ ಹೋದರೆ ಏನಾಗುತ್ತೆ?

ಯಾರ್ಕ್‌ಗೆ ಹೋದವರು ಇವಕ್ಕೆ ಉತ್ತರ ಬರೆದು ಪತ್ರಿಕೆಗೆ ಕಳಿಸಿ. ಜೊತೆಗೆ ಒಂದು ಕಿಟ್‌ಕ್ಯಾಟೂ ಇರಲಿ!