ಮಾಳಿಗೆಯಿಂದ ಬಿದ್ದ ಬೆಕ್ಕು

ಜೋರಾಪುರ ಪೇಟೆಯ ಹಳೆಯ ಮನೆಗಳ ಮಾಳಿಗೆಗಳ ಮೇಲೆ ಸಂಜೆಯ ಹೊತ್ತು ಬೆಕ್ಕುಗಳ ಓಡಾಟವನ್ನು ನೋಡದವರು ವಿರಳ. ಕಾಲು ಜಾರಿದರೂ ಅವು ನಾಲ್ಕು ಕಾಲುಗಳ ಮೇಲೆಯೇ ಬಂದಿಳಿಯುವುವೆಂದು ಎಲ್ಲರೂ ಬಲ್ಲರು. ಹೇಗೆಂದು ಕೇಳಿದರೆ ಮಾತ್ರ ಉತ್ತರ ದೊರೆಯದು. ಇದೇ ಕುತೂಹಲದಿಂದ ಮನೆಯ ಮೇಲಿಂದ ಬಿದ್ದುನೋಡಿದ ಬೆಕ್ಕಿನ ಮರಿಯೊಂದು ಅಮೆರಿಕದ ಆನಿಮೇಷನ್ ಚಿತ್ರವೊಂದರ ಕಥಾನಾಯಕ.

ಡಾನ್ ಬ್ಲೂತ್ ಅವರ ‘ಬ್ಯಾಂಜೊ ದ ವುಡ್‌ಪೈಲ್ ಕ್ಯಾಟ್’ ಸುಮಾರು 26 ನಿಮಿಷಗಳ ಚಿತ್ರ. ಯೂಟಾ ರಾಜ್ಯದ ಪೇಸನ್ ಊರಿನ ಹೊಲಮನೆಯೊಂದರಲ್ಲಿ ಬೆಳೆದ ಬ್ಯಾಂಜೊ, ತನ್ನ ತುಂಟತನಕ್ಕೆ ಶಿಕ್ಷೆ ತಪ್ಪದೆಂದರಿತು, ಲಾರಿಯೊಂದನ್ನೇರಿ ಸಾಲ್ಟ್ ಲೇಕ್ ನಗರಕ್ಕೆ ಓಡಿಹೋಗುತ್ತದೆ; ಕ್ರೇಜಿಲೆಗ್ಸ್ ಎಂಬ ಬೀದಿಬೆಕ್ಕಿನ ನೆರವಿನಿಂದ ಕೊನೆಗೆ ಮನೆ ಸೇರುತ್ತದೆ. ಕಥೆ ಇಷ್ಟೇ. ಅದು ಚಿತ್ರವಾದ ಬಗೆಯೇ ಹೆಚ್ಚು ಸ್ವಾರಸ್ಯವುಳ್ಳದ್ದೆಂದು ನನ್ನ ಎಣಿಕೆ. ಡಿಸ್ನಿ ಸಂಸ್ಥೆಯಲ್ಲಿ ಉದ್ಯೋಗದಲ್ಲಿದ್ದ ಬ್ಲೂತ್, ಗ್ಯಾರಿ ಗೋಲ್ಡ್‌ಮನ್ ಮತ್ತು ಜಾನ್ ಪೊಮೆರಾಯ್, ಹಳೆಯ ಕುಶಲತೆ ಕಣ್ಮರೆಯಾಗುತ್ತಿದೆಯೆಂಬ ಚಿಂತೆಯಿಂದ, ಬ್ಲೂತ್ ಅವರ ಮನೆಯ ಗ್ಯಾರೇಜಿನಲ್ಲಿ ರಾತ್ರಿಗಳನ್ನೂ ರಜಾದಿನಗಳನ್ನೂ ಈ ಚಿತ್ರಕ್ಕಾಗಿ ವ್ಯಯಿಸಿದರು. 1979ರ ಸೆಪ್ಟೆಂಬರಿನಲ್ಲಿ ಮೂವರೂ ಉದ್ಯೋಗವನ್ನೇ ತ್ಯಜಿಸಿದರು. ಅದೇ ವರ್ಷ ಚಿತ್ರವು ತೆರೆಗೆ ಬಂದಿತು.

ಸುಮಾರು ನಾಲ್ಕು ವರ್ಷಗಳ ದುಡಿಮೆ ಏಕೆ ಬೇಕಾಯಿತು? ಲೆಕ್ಕ ಹಾಕೋಣ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮುಗಳು ಹಾಯ್ದುಹೋಗುತ್ತವೆ. 26 ನಿಮಿಷಕ್ಕೆ 37,440. ಒಂದು ರೇಖಾಚಿತ್ರವನ್ನು ಎರಡೆರಡು ಫ್ರೇಮುಗಳಿಗೆ ಬಳಸಿದರೂ 18,720 ಆಗುವುದು. ಒಂದೇ ದೃಶ್ಯದಲ್ಲಿ ನಾಲ್ಕಾರು ಬೆಕ್ಕುಗಳಿದ್ದರೆ ಇನ್ನೂ ಹೆಚ್ಚು.

ಎಣಿಕೆಗಿಂತಲೂ ಕಠಿಣವಾದುದು ಅಂತರ. 3 ಮೀಟರ್ ಎತ್ತರದ ಮಾಳಿಗೆಯಿಂದ ಬಿದ್ದ ಬೆಕ್ಕು 0.78 ಸೆಕೆಂಡಿನಲ್ಲಿ, ಎಂದರೆ ಸುಮಾರು 19 ಫ್ರೇಮುಗಳಲ್ಲಿ, ನೆಲ ಮುಟ್ಟುವುದು. ಮೊದಲ ಫ್ರೇಮಿನಲ್ಲಿ ಅದು ಇಳಿಯುವುದು ಕೇವಲ 8.5 ಮಿಲಿಮೀಟರ್, ಎರಡನೆಯದರಲ್ಲಿ 25.5, ಮೂರನೆಯದರಲ್ಲಿ 42.5. ಗೆಲಿಲಿಯೊ ಕಂಡುಕೊಂಡ 1, 3, 5ರ ಅನುಪಾತವಿದು. ನನ್ನ ವಿದ್ಯಾರ್ಥಿಯೊಬ್ಬನು ನೋಟ್‌ಬುಕ್ಕಿನ ಅಂಚಿನಲ್ಲಿ ಇಂಥ ಬೆಕ್ಕನ್ನು ಸಮಾನ ಅಂತರಗಳಲ್ಲಿ ಬರೆದು ಹಾಳೆಗಳನ್ನು ಸರಸರನೆ ತಿರುವಿದನು. ಬೆಕ್ಕು ಬೀಳಲಿಲ್ಲ, ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟ ಕೊಡದಂತೆ ಇಳಿಯಿತು! ಸೂತ್ರವನ್ನು ಅವನು ಬಾಯಿಪಾಠ ಮಾಡಿದ್ದನು. ಅದು ಕೈಗೆ ಬಂದದ್ದು ಎರಡನೆಯ ಸಲ ಬರೆದಾಗ.

ಇನ್ನು ಹೊರಳುವಿಕೆ. ಅಂಗಾತ ಹಿಡಿದು ಕೈಬಿಟ್ಟ ಬೆಕ್ಕಿನ ಕೋನೀಯ ಸಂವೇಗ ಸೊನ್ನೆ. ಗಾಳಿಯಲ್ಲಿ ಒತ್ತಿಹಿಡಿಯಲು ಆಧಾರವಿಲ್ಲ. ಹಿಡಿದವರ ಕೈಯನ್ನೇ ಅದು ಒದ್ದು ತಿರುಗುವುದೆಂದು ಕೆಲವರು ಭಾವಿಸಿದ್ದರು. 1894ರಲ್ಲಿ ಪ್ಯಾರಿಸಿನ ಎಟಿಯೆನ್ ಝೂಲ್ ಮಾರೆ ತೆಗೆದ ಚಿತ್ರಮಾಲಿಕೆಯು ಆ ಊಹೆಯನ್ನು ಅಲ್ಲಗಳೆಯಿತು. ಬೆಕ್ಕು ಮೊದಲು ಮುಂಗಾಲುಗಳನ್ನು ಮಡಚಿ ಹಿಂಗಾಲುಗಳನ್ನು ಚಾಚುತ್ತದೆ. ಮಡಚಿದ ಮುಂಭಾಗ ಸುಲಭವಾಗಿ ಬಹಳ ತಿರುಗುವುದು. ಚಾಚಿದ ಹಿಂಭಾಗ ವಿರುದ್ಧ ದಿಕ್ಕಿಗೆ ಸ್ವಲ್ಪ ಮಾತ್ರ. ಬಳಿಕ ಮುಂಗಾಲು ಚಾಚಿ, ಹಿಂಗಾಲು ಮಡಚಿ, ಹಿಂಭಾಗವನ್ನು ತಿರುಗಿಸಿಕೊಳ್ಳುತ್ತದೆ. ಒಟ್ಟು ಸಂವೇಗ ಎಲ್ಲಿಯೂ ಸೊನ್ನೆಯನ್ನು ಮೀರದು. 1969ರಲ್ಲಿ ಕೇನ್ ಮತ್ತು ಶೆರ್ ಎಂಬುವರು, ಬೆನ್ನಿನ ಬಾಗುವಿಕೆಯನ್ನು ಗಣಿಸಿ, ಬೆಕ್ಕನ್ನು ಜೋಡಿಸಿದ ಎರಡು ಉರುಳೆಗಳೆಂದು ಕಲ್ಪಿಸಿ ಇದನ್ನು ಗಣಿತದಿಂದ ವಿವರಿಸಿದರು.

ಇದನ್ನು ಪರೀಕ್ಷಿಸಲು ದಯವಿಟ್ಟು ಬೆಕ್ಕನ್ನು ಬೀಳಿಸಬೇಡಿರಿ. ತಿರುಗುವ ಕುರ್ಚಿಯಲ್ಲಿ, ಕಾಲುಗಳನ್ನು ನೆಲದಿಂದ ಎತ್ತಿ ಕುಳಿತು, ಎರಡೂ ಕೈಗಳಲ್ಲಿ ದಪ್ಪ ಪುಸ್ತಕಗಳನ್ನು ಹಿಡಿಯಿರಿ. ಕೈಗಳನ್ನು ಮುಂದೆ ಚಾಚಿ ಎಡಕ್ಕೆ ಬೀಸಿ, ಎದೆಗೆ ಸೆಳೆದುಕೊಂಡು, ಮತ್ತೆ ನಡುವಿಗೆ ತನ್ನಿರಿ. ಐದಾರು ಸಲ ಹೀಗೆ ಮಾಡಿದ ಮೇಲೆ ನೀವು ಯಾವ ಗೋಡೆಯ ಕಡೆಗೆ ಮುಖ ಮಾಡಿರುವಿರೆಂದು ನೋಡಿಕೊಳ್ಳಿರಿ.