ತೋಟದ ರೋಗ ಗುರುತಿಸಲು ಕ್ಯಾಮರಾ: ಕಾಂಪ್ಯಾಕ್ಟ್ ಸಾಕೇ, ಮಿರರ್‌ಲೆಸ್ ಬೇಕೇ?



ಹೋದ ವರ್ಷದ ಆಷಾಢದಲ್ಲಿ ನಮ್ಮ ಸದಸ್ಯರೊಬ್ಬರು ಸಂಘದ ಕಚೇರಿಗೆ ಮೂರು ಚಿತ್ರಗಳನ್ನು ತಂದರು. ಅಡಿಕೆ ಸೋಗೆಯ ಮೇಲೆ ಕಂದು ಚುಕ್ಕೆಗಳು ಎದ್ದಿದ್ದವು. ಇದು ಎಲೆಚುಕ್ಕೆ ರೋಗವೇ, ಪೋಷಕಾಂಶದ ಕೊರತೆಯೇ ಎಂಬುದು ಅವರ ಪ್ರಶ್ನೆ. ಚಿತ್ರಗಳನ್ನು ನಾವು ವಿಜ್ಞಾನಿಗಳಿಗೆ ಕಳುಹಿಸಿದೆವು. ಚುಕ್ಕೆಯ ಅಂಚು ಸ್ಪಷ್ಟವಾಗಿಲ್ಲ, ಬಣ್ಣವೂ ನಂಬುವಂತಿಲ್ಲ, ಸೋಗೆಯ ಮಾದರಿ ಕಳುಹಿಸಿರಿ ಎಂದು ಉತ್ತರ ಬಂತು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಳುಹಿಸಿದ ಮಾದರಿ ದಾರಿಯಲ್ಲೇ ಕೊಳೆಯಿತು. ಎರಡನೆಯ ಮಾದರಿ ತಲುಪಿ, ಎಲೆಚುಕ್ಕೆ ರೋಗವೇ ಎಂಬ ಉತ್ತರ ಬರುವ ಹೊತ್ತಿಗೆ ಹದಿನಾರು ದಿನಗಳು ಕಳೆದಿದ್ದವು. ಅಷ್ಟರಲ್ಲಿ ಪಕ್ಕದ ತೋಟದ ಸಸಿಗಳಲ್ಲೂ ಚುಕ್ಕೆ ಕಾಣಿಸಿಕೊಂಡಿತ್ತು. ಚಿತ್ರ ಚೆನ್ನಾಗಿದ್ದಿದ್ದರೆ ರೋಗವೇ ಬರುತ್ತಿರಲಿಲ್ಲವೆಂದು ನಾವು ಹೇಳಲಾರೆವು. ಆದರೆ ಆ ಹದಿನಾರು ದಿನಗಳಲ್ಲಿ ಹೆಚ್ಚಿನವು ಉಳಿಯುತ್ತಿದ್ದವು.

ಈ ಕಾರಣದಿಂದ ಸಂಘಕ್ಕೆ ಒಂದು ಕ್ಯಾಮರಾ ಕೊಳ್ಳಬೇಕೆಂಬ ಸಲಹೆ ಮಹಾಸಭೆಯಲ್ಲಿ ಬಂತು. ಕಿಸೆಗೆ ಹಿಡಿಸುವ ಕಾಂಪ್ಯಾಕ್ಟ್ ಸಾಕೆಂದು ಹಿರಿಯರು. ಕೊಳ್ಳುವುದಾದರೆ ಮಿರರ್‌ಲೆಸ್ ಕೊಳ್ಳಿರೆಂದು ತರುಣರು. ಎರಡು ಬಗೆಯನ್ನೂ ಎರವಲು ತಂದು ನಾವು ಹದಿನೈದು ದಿನ ತೋಟ ಸುತ್ತಿದೆವು. ಕಾಂಪ್ಯಾಕ್ಟನ್ನು ಸದಸ್ಯರೊಬ್ಬರು ಕೊಟ್ಟರು, ಮಿರರ್‌ಲೆಸ್ ಅನ್ನು ಪೇಟೆಯ ಸ್ಟುಡಿಯೋದವರು ಕೊಟ್ಟರು. ಆಗ ತಿಳಿದುಕೊಂಡುದನ್ನು ಈ ಪಾಠದಲ್ಲಿ ಕ್ರಮವಾಗಿ ಕೊಟ್ಟಿದ್ದೇವೆ.

1. ಎರಡರ ನಡುವಿನ ವ್ಯತ್ಯಾಸವೇನು?

ಹಿಂದೆ ಮದುವೆ ಮನೆಗಳಲ್ಲಿ ಕಾಣುತ್ತಿದ್ದ ದೊಡ್ಡ ಕ್ಯಾಮರಾದ ಒಳಗೆ, ಲೆನ್ಸಿನ ಹಿಂಭಾಗದಲ್ಲಿ, ಓರೆಯಾಗಿ ಒಂದು ಕನ್ನಡಿ ಇರುತ್ತಿತ್ತು. ನೋಟವನ್ನು ಅದು ಮೇಲಿನ ಕಿಂಡಿಗೆ ತಿರುಗಿಸುತ್ತಿತ್ತು. ಗುಂಡಿ ಒತ್ತಿದಾಗ ‘ಟಪ್’ ಎಂದು ಮೇಲೇಳುತ್ತಿದ್ದುದು ಆ ಕನ್ನಡಿಯೇ. ಅದನ್ನು ತೆಗೆದುಹಾಕಿ, ಸೆನ್ಸರಿಗೆ ಬಿದ್ದ ನೋಟವನ್ನೇ ನೇರವಾಗಿ ಪರದೆಯಲ್ಲಿ ತೋರಿಸುವ, ಲೆನ್ಸ್ ಬದಲಿಸಬಹುದಾದ ಕ್ಯಾಮರಾವೇ ಮಿರರ್‌ಲೆಸ್. 2008ರಲ್ಲಿ ಬಂದ ಪ್ಯಾನಸಾನಿಕ್ ಜಿ1ರಿಂದ ಈ ಬಗೆಗೆ ಬಳಕೆ ಹೆಚ್ಚಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಾಂಪ್ಯಾಕ್ಟಿನಲ್ಲೂ ಕನ್ನಡಿ ಇಲ್ಲ. ಆದ್ದರಿಂದ ಇವೆರಡರ ನಡುವಿನ ವ್ಯತ್ಯಾಸ ಕನ್ನಡಿಯದಲ್ಲ. ಬೆಳಕನ್ನು ಹಿಡಿಯುವ ಸೆನ್ಸರ್ ಎಷ್ಟು ದೊಡ್ಡದು, ಲೆನ್ಸನ್ನು ಬದಲಿಸಬಹುದೇ ಇಲ್ಲವೇ ಎಂಬ ಎರಡು ಸಂಗತಿಗಳಲ್ಲೇ ಎಲ್ಲವೂ ಅಡಗಿದೆ.

ಹೋಲಿಕೆಗೆ ನಾವು ಎರಡು ಮಾದರಿಗಳನ್ನು ತೆಗೆದುಕೊಂಡಿದ್ದೇವೆ. ಕಾಂಪ್ಯಾಕ್ಟ್ ಪೈಕಿ ಒಲಿಂಪಸ್ ಟಿಜಿ-6. ಇದು 2019ರಲ್ಲಿ ಬಂದದ್ದು. ಒಲಿಂಪಸ್ ಕಂಪನಿಯ ಕ್ಯಾಮರಾ ವಿಭಾಗ 2021ರಲ್ಲಿ ಬೇರೆಯಾದ ಮೇಲೆ, ಇದರ ಮುಂದಿನ ಮಾದರಿ ಟಿಜಿ-7 ಓಎಂ ಸಿಸ್ಟಂ ಎಂಬ ಹೆಸರಿನಲ್ಲಿ 2023ರಲ್ಲಿ ಬಂತು. ಮಿರರ್‌ಲೆಸ್ ಪೈಕಿ 2019ರ ಸೋನಿ ಆಲ್ಫಾ 6400. ಈ ಹೆಸರುಗಳು ಲೆಕ್ಕ ತೋರಿಸುವುದಕ್ಕಾಗಿ ಮಾತ್ರ. ಇವನ್ನೇ ಕೊಳ್ಳಿರೆಂದು ಹೇಳುವುದಕ್ಕಲ್ಲ.

2. ಬೆಳಕಿನ ಲೆಕ್ಕ

ಮಳೆಗಾಲದಲ್ಲಿ ಸೂರಿನ ಕೆಳಗೆ ಲೋಟವನ್ನೂ ಹಂಡೆಯನ್ನೂ ಇಟ್ಟರೆ, ಬಾಯಿ ಅಗಲವಾದ ಹಂಡೆಗೆ ನೀರು ಹೆಚ್ಚು ಬೀಳುತ್ತದೆ. ಸೆನ್ಸರಿನ ಕಥೆಯೂ ಇದೇ. ಟಿಜಿ-6ರ ಸೆನ್ಸರಿನ ಅಳತೆ ಸುಮಾರು 6.2 × 4.6 ಮಿ.ಮೀ., ಎಂದರೆ 28 ಚದರ ಮಿ.ಮೀ. ಆಲ್ಫಾ 6400ರದು 23.5 × 15.6 ಮಿ.ಮೀ., ಎಂದರೆ 366 ಚದರ ಮಿ.ಮೀ. ಹದಿಮೂರು ಪಟ್ಟು ದೊಡ್ಡದು. ಕಾಫಿ ತೋಟದ ನೆರಳಿನಲ್ಲಿ, ಪುನರ್ವಸು ಮಳೆಯ ಮೋಡದ ಕೆಳಗೆ, ನಡುಹಗಲಿನಲ್ಲೂ ಮಬ್ಬಿರುತ್ತದೆ. ಅಂಥಲ್ಲಿ ಸಣ್ಣ ಸೆನ್ಸರಿನ ಚಿತ್ರ ರವೆ ರವೆಯಾಗುತ್ತದೆ. ಎಲೆಯ ನವಿರು ಗುರುತುಗಳು ಅದರಲ್ಲಿ ಕಲಸಿಹೋಗುತ್ತವೆ.

ಹಾಗಾದರೆ ತರುಣರ ಮಾತೇ ಸರಿಯೇ? ಅವಸರ ಬೇಡ. ಹಂಡೆಯ ಬಾಯಿಗೆ ಮುಚ್ಚಳವನ್ನು ಅರ್ಧ ಎಳೆದರೆ ನೀರು ಕಡಿಮೆ ಬೀಳುತ್ತದಷ್ಟೆ? ಲೆನ್ಸಿನ ಕಿಂಡಿ ಅಂಥ ಮುಚ್ಚಳ. ಅದರ ಅಳತೆಯನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಟಿಜಿ-6ರ ಲೆನ್ಸ್ ಅಗಲ ನೋಟದಲ್ಲಿ ಎಫ್ 2. ಮಿರರ್‌ಲೆಸ್ ಜೊತೆ ಅಂಗಡಿಯವರು ಸಾಮಾನ್ಯವಾಗಿ ಕೊಡುವ 16–50 ಲೆನ್ಸ್ ಎಫ್ 3.5. ಇದರಿಂದ ಬೆಳಕು ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಹದಿಮೂರು ಪಟ್ಟಿನ ಲಾಭ ಸುಮಾರು ನಾಲ್ಕು ಪಟ್ಟಾಗುತ್ತದೆ. ಲಾಭ ಇದೆ, ಆದರೆ ತೂಗಿ ನೋಡಿದರೆ ಹೇಳಿದಷ್ಟಿಲ್ಲ.

3. ಹತ್ತಿರದ ಲೆಕ್ಕ: ಅಡಿಕೋಲು ಪರೀಕ್ಷೆ

ನಮ್ಮ ಕೆಲಸಕ್ಕೆ ಇದೇ ಮುಖ್ಯವಾದ ಪಾಠ. ಕಾಫಿ ಕಾಯಿಕೊರಕದ ಹೆಣ್ಣು ದುಂಬಿ 2 ಮಿ.ಮೀ. ಸಹ ಇಲ್ಲ; ಅದು ಕಾಯಿಯ ಹೊಕ್ಕುಳಲ್ಲಿ ಕೊರೆಯುವ ತೂತು ಗುಂಡುಸೂಜಿಯ ತಲೆಗಿಂತ ಸಣ್ಣದು. ಇಷ್ಟು ಸಣ್ಣದನ್ನು ಕ್ಯಾಮರಾ ಎಷ್ಟು ದೊಡ್ಡದಾಗಿ ಹಿಡಿಯಬಲ್ಲದು ಎಂಬುದನ್ನು ಯಾರು ಬೇಕಾದರೂ ಮನೆಯಲ್ಲೇ ಅಳೆಯಬಹುದು.

ಶಾಲೆಯ ಮಕ್ಕಳ ಅಡಿಕೋಲನ್ನು ಮೇಜಿನ ಮೇಲಿಡಿ. ಚಿತ್ರ ಸ್ಪಷ್ಟವಾಗುವಷ್ಟು ದೂರ ಬಿಟ್ಟು, ಸಾಧ್ಯವಾದಷ್ಟು ಹತ್ತಿರದಿಂದ ಅಡ್ಡಲಾಗಿ ಚಿತ್ರ ತೆಗೆಯಿರಿ. ಚಿತ್ರದ ಅಗಲದಲ್ಲಿ ಎಷ್ಟು ಮಿ.ಮೀ. ಬಂದಿದೆಯೆಂದು ಎಣಿಸಿ. ಕ್ಯಾಮರಾದ ಚಿತ್ರದ ಅಗಲದಲ್ಲಿರುವ ಚುಕ್ಕಿಗಳ ಸಂಖ್ಯೆಯನ್ನು, ಎಂದರೆ ಪಿಕ್ಸೆಲ್‌ಗಳನ್ನು, ಅದರಿಂದ ಭಾಗಿಸಿ. ಬಂದ ಉತ್ತರವೇ ಒಂದು ಮಿಲಿಮೀಟರಿಗೆ ಸಿಗುವ ಚುಕ್ಕಿಗಳು.

ಆಲ್ಫಾ 6400ರ ಚಿತ್ರದ ಅಗಲ 6000 ಚುಕ್ಕಿ. ಜೊತೆಗೆ ಬರುವ 16–50 ಲೆನ್ಸಿನಲ್ಲಿ ಎಷ್ಟು ಹತ್ತಿರ ಹೋದರೂ ಸುಮಾರು 109 ಮಿ.ಮೀ. ಅಗಲದ ಜಾಗ ಚಿತ್ರಕ್ಕೆ ಬರುತ್ತದೆ. ಮಿಲಿಮೀಟರಿಗೆ 55 ಚುಕ್ಕಿ. ಕಾಯಿಕೊರಕ ದುಂಬಿ ನೂರು ಚುಕ್ಕಿಗಳೊಳಗೆ ಮುಗಿದುಹೋಗುತ್ತದೆ. ಅದು ದುಂಬಿಯೋ ಮಣ್ಣಿನ ಕಣವೋ ಹೇಳುವುದು ಕಷ್ಟ. ಅದೇ ಕ್ಯಾಮರಾಕ್ಕೆ 30 ಮಿ.ಮೀ. ಮ್ಯಾಕ್ರೋ ಲೆನ್ಸ್ ಹಾಕಿದರೆ 23.5 ಮಿ.ಮೀ. ಜಾಗವೇ ಚಿತ್ರ ತುಂಬುತ್ತದೆ. ಮಿಲಿಮೀಟರಿಗೆ 255 ಚುಕ್ಕಿ; ದುಂಬಿ ನಾನೂರು ಚುಕ್ಕಿ ದಾಟುತ್ತದೆ.

ಟಿಜಿ-6ರ ಚಿತ್ರದ ಅಗಲ 4000 ಚುಕ್ಕಿ ಮಾತ್ರ. ಆದರೆ ಲೆನ್ಸಿನಿಂದ 1 ಸೆಂ.ಮೀ. ದೂರದವರೆಗೆ ಅದು ಹತ್ತಿರ ಹೋಗಬಲ್ಲದು. ಅಡಿಕೋಲಿನ 10 ಮಿ.ಮೀ. ಚಿತ್ರ ತುಂಬಿದರೂ ಮಿಲಿಮೀಟರಿಗೆ 400 ಚುಕ್ಕಿ ಆಯಿತು. ಸಣ್ಣ ಲೆನ್ಸಿನ ಮಿತಿಯಿಂದ ಈ ನಾನೂರೂ ಅಪ್ಪಟವಲ್ಲ, ಸ್ವಲ್ಪ ಮಸುಕಿರುತ್ತದೆ. ಆದರೂ ದುಂಬಿ ದುಂಬಿಯಾಗಿ ಕಾಣುತ್ತದೆ. ಜೊತೆಗೆ ಬೇರೆ ಬೇರೆ ದೂರಕ್ಕೆ ಸ್ಪಷ್ಟಗೊಳಿಸಿದ ಹಲವು ಚಿತ್ರಗಳನ್ನು ಒಂದಾಗಿ ಜೋಡಿಸುವ ಏರ್ಪಾಡೂ ಅದರಲ್ಲಿದೆ. ಇಷ್ಟು ಹತ್ತಿರದಲ್ಲಿ ಕ್ಯಾಮರಾದ ನೆರಳೇ ಕಾಯಿಯ ಮೇಲೆ ಬೀಳುತ್ತದೆ. ಪಕ್ಕದಲ್ಲಿ ಬಿಳಿ ಕಾಗದ ಹಿಡಿದು ಬೆಳಕನ್ನು ತಿರುಗಿಸಿಕೊಳ್ಳಬೇಕು.

ಇದರಿಂದ ತಿಳಿಯುವುದೇನು? ಬೆಲೆ ಹೆಚ್ಚಿನ ಮಿರರ್‌ಲೆಸ್, ಮ್ಯಾಕ್ರೋ ಲೆನ್ಸ್ ಇಲ್ಲದಿದ್ದರೆ, ನಮ್ಮ ಕೆಲಸಕ್ಕೆ ಕಾಂಪ್ಯಾಕ್ಟಿಗಿಂತ ಹಿಂದೆ ಬೀಳುತ್ತದೆ. ಒಳ್ಳೆಯ ಪಂಪು ತಂದು ನಾಜಲ್ ತರದೆ ಬಂದಂತೆ.

4. ಎತ್ತರದ ಲೆಕ್ಕ

ಕೊಳೆ ತಗುಲಿದ ಅಡಿಕೆ ಗೊನೆ ಮರದ ತುದಿಯಲ್ಲಿರುತ್ತದೆ. ನೆಲದಿಂದಲೇ ಅದನ್ನು ಹಿಡಿಯಲು ಹೆಚ್ಚು ಜೂಮ್ ಬೇಕು. ಟಿಜಿ-6ರ ಜೂಮ್ ನಾಲ್ಕು ಪಟ್ಟು, 16–50 ಲೆನ್ಸಿನದು ಮೂರು ಪಟ್ಟು. ಈ ಕೆಲಸಕ್ಕೆ ಎರಡೂ ಸಾಲವು. ಪ್ರವಾಸಿಗರಿಗಾಗಿ ಮಾಡಿದ, ಇಪ್ಪತ್ತು ಮೂವತ್ತು ಪಟ್ಟು ಜೂಮ್ ಇರುವ ಕಾಂಪ್ಯಾಕ್ಟ್‌ಗಳಿವೆ. ಆದರೆ ಅವು ಮಳೆಗೆ ತಡೆಯವು. ಮಿರರ್‌ಲೆಸ್‌ಗೆ ಉದ್ದದ ಲೆನ್ಸ್ ಬೇರೆಯಾಗಿ ಕೊಳ್ಳಬೇಕು. ಕೊನೆಗಾರರು ಮರ ಹತ್ತಿದಾಗ ಒಂದು ಗೊನೆ ಇಳಿಸಿ ಕೊಡುವುದೇ ಎಲ್ಲಕ್ಕಿಂತ ಅಗ್ಗದ ಜೂಮ್ ಎಂಬುದು ನಮ್ಮ ಅನುಭವ.

5. ಬಣ್ಣದ ಲೆಕ್ಕ

ಅಡಿಕೆಯ ಹಳದಿ ಎಲೆ ರೋಗವನ್ನೂ ಪೋಷಕಾಂಶದ ಕೊರತೆಯಿಂದ ಬಂದ ಹಳದಿಯನ್ನೂ ಬೇರ್ಪಡಿಸಬೇಕಾದರೆ, ಹಳದಿ ಎಲ್ಲಿಂದ ಆರಂಭವಾಗಿ ಹೇಗೆ ಹರಡಿದೆ ಎಂಬುದು ಚಿತ್ರದಲ್ಲಿ ಕಾಣಬೇಕು. ತೋಟದೊಳಗಿನ ಬೆಳಕು ಎಲೆಗಳಿಂದ ಸೋಸಿ ಬರುವುದರಿಂದ ಹಸಿರಾಗಿರುತ್ತದೆ. ಕ್ಯಾಮರಾ ತಾನೇ ಬಣ್ಣ ಸರಿಪಡಿಸಲು ಹೋಗಿ ತಪ್ಪುತ್ತದೆ. ಈ ತಪ್ಪು ಎರಡರಲ್ಲೂ ಆಗುತ್ತದೆ. ಮಿರರ್‌ಲೆಸ್‌ನಲ್ಲಿ ರಾ ಎಂಬ ಕಚ್ಚಾ ರೂಪದಲ್ಲಿ ಚಿತ್ರವನ್ನು ಉಳಿಸಿಕೊಂಡು ಆಮೇಲೆ ಬಣ್ಣ ತಿದ್ದಬಹುದು. ಟಿಜಿ-6ರಲ್ಲೂ ಈ ಸೌಲಭ್ಯವಿದೆ, ಎಲ್ಲ ಕಾಂಪ್ಯಾಕ್ಟ್‌ಗಳಲ್ಲಿ ಇಲ್ಲ. ಕೊಳ್ಳುವ ಮೊದಲು ಕೇಳತಕ್ಕದ್ದು. ಯಾವ ಕ್ಯಾಮರಾ ಆದರೂ ಸೋಗೆಯ ಪಕ್ಕದಲ್ಲಿ ಒಂದು ತುಂಡು ಬಿಳಿ ಕಾಗದ ಇಟ್ಟರೆ, ನೋಡುವವರಿಗೆ ನಿಜವಾದ ಬಣ್ಣದ ಅಂದಾಜು ಸಿಗುತ್ತದೆ.

6. ಮಳೆ, ಬೂಷ್ಟು, ಬೋರ್ಡೋ

ಮಲೆನಾಡಿನಲ್ಲಿ ಕ್ಯಾಮರಾ ಬಳಕೆಯಿಂದ ಸವೆಯುವುದಕ್ಕಿಂತ ಬೂಷ್ಟಿನಿಂದ ಕೆಡುವುದು ಹೆಚ್ಚು. ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿಟ್ಟ ಲೆನ್ಸಿನೊಳಗೆ ಮಳೆಗಾಲ ಮುಗಿಯುವಷ್ಟರಲ್ಲಿ ಜೇಡರ ಬಲೆಯಂಥ ಬೂಷ್ಟು ಬೆಳೆಯಬಹುದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಜೆಲ್ಲನ್ನು ಆಗಾಗ ಬಿಸಿ ಮಾಡಿ ಒಣಗಿಸಬೇಕು.

ಟಿಜಿ-6 ನೀರಿನಲ್ಲಿ 15 ಮೀಟರ್ ಆಳದವರೆಗೆ ತಡೆಯುತ್ತದೆ. ಮಳೆಯಲ್ಲಿ ನಿಶ್ಚಿಂತೆಯಿಂದ ಹಿಡಿಯಬಹುದು. ಎಲ್ಲ ಕಾಂಪ್ಯಾಕ್ಟ್‌ಗಳೂ ಹೀಗಿಲ್ಲ. ಲೆನ್ಸ್ ಹೊರಚಾಚುವ ಬಗೆಯಲ್ಲಿ ತೇವವೂ ಧೂಳೂ ಒಳಸೇರಿದರೆ ಮನೆಯಲ್ಲಿ ತೆಗೆಯಲಾಗದು. ಮಿರರ್‌ಲೆಸ್‌ನಲ್ಲಿ ಲೆನ್ಸ್ ಬದಲಿಸುವಾಗ ಸೆನ್ಸರ್ ಬಯಲಾಗುತ್ತದೆ. ತೋಟದಲ್ಲಿ ಜಡಿಮಳೆಯ ನಡುವೆ ಆ ಕೆಲಸ ಕೂಡದು. ಬೋರ್ಡೋ ಸಿಂಪಡಿಸುವ ದಿನ ಯಾವ ಕ್ಯಾಮರಾವನ್ನೂ ಮರದಡಿಗೆ ಒಯ್ಯಬೇಡಿ. ಮೈಲುತುತ್ತ ಸುಣ್ಣದ ಹನಿ ಲೆನ್ಸಿನ ಮೇಲೆ ಒಣಗಿದರೆ, ಉಜ್ಜಿದಷ್ಟೂ ಗೀರು ಬೀಳುತ್ತದೆ.

7. ಮೊಬೈಲ್ ಇರುವಾಗ ಕ್ಯಾಮರಾ ಏಕೆ?

ನ್ಯಾಯವಾದ ಪ್ರಶ್ನೆ. ಜಗತ್ತಿನಲ್ಲಿ 2010ರಲ್ಲಿ 12 ಕೋಟಿಗೂ ಮಿಕ್ಕಿ ಡಿಜಿಟಲ್ ಕ್ಯಾಮರಾಗಳು ಕಾರ್ಖಾನೆ ಬಿಟ್ಟಿದ್ದವು. 2023ರಲ್ಲಿ 80 ಲಕ್ಷವೂ ಇಲ್ಲ. ಕಾಂಪ್ಯಾಕ್ಟ್ ಮಾರುಕಟ್ಟೆಯ ಬಹುಪಾಲನ್ನು ಮೊಬೈಲ್ ನುಂಗಿತು. ಸೋಗೆಯ ಚುಕ್ಕೆಗೆ ಒಳ್ಳೆಯ ಮೊಬೈಲ್ ಸಾಕಾಗುತ್ತದೆ. ಅದನ್ನೂ ಅಡಿಕೋಲು ಪರೀಕ್ಷೆಗೆ ಒಡ್ಡಿರಿ. ಮಿಲಿಮೀಟರಿಗೆ ನೂರು ಚುಕ್ಕಿಯಾದರೂ ಸ್ಪಷ್ಟವಾಗಿ ಸಿಕ್ಕಿದರೆ, ಮನೆಯಲ್ಲಿ ಬೇರೆ ಕ್ಯಾಮರಾ ಕೊಳ್ಳುವ ಅಗತ್ಯವಿಲ್ಲ. ಸಂಘದ ಕ್ಯಾಮರಾ ಬೇಕಾಗುವುದು ಮೊಬೈಲಿಗೆ ಎಟುಕದ ಕಾಯಿಕೊರಕದಂಥ ಸಣ್ಣದಕ್ಕೆ ಮತ್ತು ಸುರಿಯುವ ಮಳೆಗೆ.

8. ನಮ್ಮ ಅಭಿಪ್ರಾಯ

ತೋಟಕ್ಕೆ ಹೋಗಿ ರೋಗದ ಚಿತ್ರ ತರುವ ಕೆಲಸಕ್ಕೆ, ನೀರಿಗೆ ತಡೆಯುವ ಮತ್ತು ಬಹಳ ಹತ್ತಿರ ಹೋಗಬಲ್ಲ ಕಾಂಪ್ಯಾಕ್ಟ್ ಒಂದೇ ಸಾಕು. ಮಿರರ್‌ಲೆಸ್ ಕೊಳ್ಳುವುದಾದರೆ ಮ್ಯಾಕ್ರೋ ಲೆನ್ಸಿನ ಬೆಲೆಯನ್ನೂ ಸೇರಿಸಿ ದರಪಟ್ಟಿ ತರಿಸಬೇಕು. ಆಗ ಅದು ಕಚೇರಿಯ ಮೇಜಿನ ಮೇಲೆ ಮಾದರಿಗಳ ಚಿತ್ರ ತೆಗೆಯಲು, ಸಭೆ ಸಮಾರಂಭಗಳಿಗೆ, ಈ ಪತ್ರಿಕೆಯ ಮುಖಪುಟಕ್ಕೆ ಉತ್ತಮ. ಲೆನ್ಸ್ ಮುಂದಿನ ವರ್ಷ ನೋಡೋಣವೆಂದು ಬರಿಯ ಮಿರರ್‌ಲೆಸ್ ಕೊಂಡರೆ ಸಂಘದ ಹಣ ವ್ಯರ್ಥ. ಹೀಗೆಂದು ಆಡಳಿತ ಮಂಡಳಿಗೆ ನಾವು ಬರೆದುಕೊಟ್ಟಿದ್ದೇವೆ.

ಚಿತ್ರ ಕಳುಹಿಸುವವರು ಗಮನಿಸಬೇಕಾದ ಅಂಶಗಳು

ಒಂದು: ಒಂದೇ ಚಿತ್ರ ಸಾಲದು. ಇಡೀ ಮರ ಅಥವಾ ಗಿಡ, ರೋಗ ತಗುಲಿದ ಭಾಗ, ಚುಕ್ಕೆಯ ಅಂಚು, ಹೀಗೆ ಮೂರು ಬೇಕು.

ಎರಡು: ಪಕ್ಕದಲ್ಲಿ ಅಡಿಕೋಲು ಮತ್ತು ಬಿಳಿ ಕಾಗದ ಇರಲಿ.

ಮೂರು: ಬಿಳಿ ಕಾಂಡಕೊರಕ ಹೊಕ್ಕ ಕಾಫಿ ಕಾಂಡದ ಉಬ್ಬುಗೆರೆಗೆ ಮುಂದಿನಿಂದ ಫ್ಲ್ಯಾಶ್ ಹೊಡೆಯಬೇಡಿ, ಉಬ್ಬು ಕಾಣದು. ಪಕ್ಕದಿಂದ ಟಾರ್ಚ್ ಹಿಡಿಯಿರಿ.

ನಾಲ್ಕು: ದಿನಾಂಕ, ಊರು, ಹಿಂದಿನ ಸಿಂಪಡಣೆಯ ವಿವರ ಬರೆಯಿರಿ.

ಐದು: ಚಿತ್ರ ಎಷ್ಟೇ ಚೆನ್ನಾಗಿದ್ದರೂ ಶಿಲೀಂಧ್ರವನ್ನು ಖಚಿತವಾಗಿ ಗುರುತಿಸಲು ಪ್ರಯೋಗಶಾಲೆಯೇ ಬೇಕು. ಮಾದರಿಯನ್ನು ಒಣ ವೃತ್ತಪತ್ರಿಕೆಯಲ್ಲಿ ಸುತ್ತಿ ಚಿತ್ರದ ಜೊತೆಯಲ್ಲೇ ಕಳುಹಿಸಿ, ಪ್ಲಾಸ್ಟಿಕ್ ಬೇಡ.

ಗ್ರಾಮ ಸಭೆಗಳಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಿಮ್ಮ ಮನೆಯ ಮೊಬೈಲಿನಲ್ಲಿ ಮಿಲಿಮೀಟರಿಗೆ ಎಷ್ಟು ಚುಕ್ಕಿ ಬರುತ್ತದೆ?
2. ದೊಡ್ಡ ಸೆನ್ಸರಿನ ಲಾಭ ಸಣ್ಣ ಕಿಂಡಿಯ ಲೆನ್ಸಿನಲ್ಲಿ ಏಕೆ ಇಳಿಯುತ್ತದೆ?
3. ನಿಮ್ಮ ಊರಿನಲ್ಲಿ ಕಳೆದ ಮಳೆಗಾಲದಲ್ಲಿ ರೋಗ ಗುರುತಿಸಲು ಎಷ್ಟು ದಿನ ಹಿಡಿಯಿತು? ಅದರಲ್ಲಿ ಯಾವ ದಿನಗಳನ್ನು ಉಳಿಸಬಹುದಿತ್ತು?

ಮೂರನೆಯ ಪ್ರಶ್ನೆಯ ಉತ್ತರವನ್ನು ಸಂಘದ ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ. ಮುಂಗಾರು ಹಿಡಿಯುವ ಮೊದಲು ಅವುಗಳನ್ನು ಒಟ್ಟುಮಾಡಿ ಆಡಳಿತ ಮಂಡಳಿಯ ಮುಂದಿಡುತ್ತೇವೆ.